ಹೊಗಳಿದವನ ಗುರುತು: ಕಂಪಿಲಿಯ ಶಾಸನಗಳಿಂದ ದೋಣಿಮಲೈಯ ವಿಶ್ವಕೋಶ ಪುಟದವರೆಗೆ

ಶಾಸನವೊಂದನ್ನು ಓದಲು ಕುಳಿತ ವಿದ್ಯಾರ್ಥಿಗೆ ಮೊದಲು ಎದುರಾಗುವುದು ಬಿರುದುಗಳ ಸಾಲು. ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ ಎಂದು ಆರಂಭವಾಗುವ ಆ ಭಾಗವನ್ನು ಅವನು ಒಂದು ಬಗೆಯಲ್ಲಿ ಓದುತ್ತಾನೆ. ಅದರ ಮುಂದೆ ಬರುವ ಭೂಮಿಯ ಅಳತೆ, ಎಲ್ಲೆ, ತೆರಿಗೆ, ಸಾಕ್ಷಿಗಳ ಭಾಗವನ್ನು ಇನ್ನೊಂದು ಬಗೆಯಲ್ಲಿ ಓದುತ್ತಾನೆ. ಮೊದಲನೆಯದು ಪ್ರಶಸ್ತಿ, ಎರಡನೆಯದು ದತ್ತಿ. ಪ್ರಶಸ್ತಿಯಲ್ಲಿ ಹೇಳಿದ್ದನ್ನೆಲ್ಲ ನಂಬುವ ಸಂಶೋಧಕನಿಲ್ಲ; ಹಾಗೆಂದು ಅದನ್ನು ಪೂರ್ತಿಯಾಗಿ ತಳ್ಳಿಹಾಕುವವನೂ ಇಲ್ಲ. ಆದರೆ ಇದೇ ವಿದ್ಯಾರ್ಥಿ ಅಂತರಜಾಲದ ಮುಕ್ತ ವಿಶ್ವಕೋಶದಲ್ಲಿ ಒಂದು ವಿದ್ಯಾಸಂಸ್ಥೆಯನ್ನೋ ಕಂಪನಿಯನ್ನೋ ಕುರಿತ ಲೇಖನವನ್ನು ತೆರೆದಾಗ, ‘ಪ್ರತಿಷ್ಠಿತ’, ‘ಅಗ್ರಗಣ್ಯ’, ‘ಹೆಸರಾಂತ’ ಎಂಬ ವಿಶೇಷಣಗಳು ಅವನ ಕಣ್ಣಿಗೆ ಬಿರುದುಗಳಾಗಿ ಕಾಣುವುದಿಲ್ಲ. ಅವು ಯಾರದೂ ಅಲ್ಲದ ಮಾತಿನಂತೆ, ಲೋಕವೇ ಒಪ್ಪಿದ ಸಂಗತಿಯಂತೆ ಕಾಣುತ್ತವೆ. ಈ ವ್ಯತ್ಯಾಸ ಎಲ್ಲಿಂದ ಬಂದಿತು ಎಂಬುದು ಈ ಲೇಖನದ ಜಿಜ್ಞಾಸೆ. ಹೊಸಪೇಟೆ, ಹಂಪಿ, ಸೊಂಡೂರು, ಕಂಪ್ಲಿಗಳ ಪರಿಸರದಲ್ಲಿಯೇ ಇದಕ್ಕೆ ಬೇಕಾದ ಸಾಮಗ್ರಿ ಹೇರಳವಾಗಿದೆ.

ಇಂದಿನ ಕಂಪ್ಲಿ ಅಂದಿನ ಕಂಪಿಲಿ. ಕಲ್ಯಾಣದ ಚಾಳುಕ್ಯರಿಗೆ ಅಲ್ಲೊಂದು ಅರಮನೆ ಇದ್ದಿತು. ಅದನ್ನು ಕೆಡವಿದೆನೆಂದು ಚೋಳ ರಾಜಾಧಿರಾಜನ ಶಾಸನಗಳು ಹೇಳಿಕೊಳ್ಳುತ್ತವೆ. ಮುಂದೆ ವೀರರಾಜೇಂದ್ರನ ಶಾಸನಗಳಲ್ಲಿ ಕಂಪಿಲಿ ಮತ್ತೆ ಬರುತ್ತದೆ: ಸೋಮೇಶ್ವರನು ತೊಟ್ಟ ಕಂಠಿಕೆಯನ್ನು ಬಿಚ್ಚುವಷ್ಟರಲ್ಲಿಯೇ ಕಂಪಿಲಿಯನ್ನು ಸುಟ್ಟು, ಕರಡಿಕಲ್ಲಿನಲ್ಲಿ ಜಯಸ್ತಂಭವನ್ನು ನಿಲ್ಲಿಸಿದನೆಂಬುದು ಅವುಗಳ ಘೋಷಣೆ. ಇತ್ತ 1068ರಲ್ಲಿ ಪಟ್ಟವೇರಿದ ಎರಡನೆಯ ಸೋಮೇಶ್ವರನ ಕಡೆಯ ಶಾಸನದ ಕಥನವೇ ಬೇರೆ. ಹೊಸ ಅರಸನ ಆಳಿಕೆ ಈಗಷ್ಟೇ ಆರಂಭವಾಗಿದೆ, ಆಕ್ರಮಣಕ್ಕೆ ಇದೇ ಸಮಯವೆಂದು ಗರ್ವದಿಂದ ಬಂದ ಚೋಳನು ಗುತ್ತಿಯನ್ನು ಮುತ್ತಿ, ಚಾಳುಕ್ಯ ಸೇನೆಯ ಮುಂದೆ ನಿಲ್ಲಲಾರದೆ ಓಡಿದನೆಂದು ಅದು ಹೇಳುತ್ತದೆ. ಇವೆರಡೂ ಒಂದೇ ದಂಡಯಾತ್ರೆಯ ಎರಡು ವರದಿಗಳೆಂದು ವಿದ್ವಾಂಸರು ಭಾವಿಸಿದ್ದಾರೆ. ಒಬ್ಬನಿಗೆ ಸುಟ್ಟ ಕಂಪಿಲಿ ಮುಖ್ಯ, ಇನ್ನೊಬ್ಬನಿಗೆ ಉಳಿದ ಗುತ್ತಿ ಮುಖ್ಯ. ಇಂದಿನ ವಿಶ್ವಕೋಶದ ಭಾಷೆಯಲ್ಲಿ ಇದನ್ನು ‘ಸಂಪಾದನಾ ಸಮರ’ ಎನ್ನಬಹುದು. ಆದರೆ ಇಲ್ಲಿ ಒಬ್ಬನು ಇನ್ನೊಬ್ಬನ ಬರಹವನ್ನು ಅಳಿಸಿ ತನ್ನದನ್ನು ಬರೆಯಲಿಲ್ಲ. ತಮಿಳು ಕಲ್ಲು ಚೋಳನ ಪರವಾಗಿಯೂ ಕನ್ನಡ ಕಲ್ಲು ಚಾಳುಕ್ಯನ ಪರವಾಗಿಯೂ ನಿಂತಿವೆ. ಯಾವ ಮಾತು ಯಾರದೆಂಬುದರಲ್ಲಿ ಸಂದೇಹವಿಲ್ಲ. ಆದುದರಿಂದಲೇ ಇತಿಹಾಸಕಾರನು ಎರಡನ್ನೂ ಎದುರುಬದುರಾಗಿರಿಸಿ, ಕಂಪಿಲಿಯಲ್ಲಿ ಬೆಂಕಿ ಬಿದ್ದಿರಬೇಕು, ಗುತ್ತಿ ಚೋಳನ ಕೈಸೇರಲಿಲ್ಲ ಎಂಬಷ್ಟನ್ನು ಸೋಸಿ ತೆಗೆಯಬಲ್ಲ.

ಈ ಸೋಮೇಶ್ವರನ ವಿಷಯದಲ್ಲಿ ಮೂರನೆಯ ಸಾಕ್ಷಿಯೊಬ್ಬನಿದ್ದಾನೆ. ಅವನು ಕಾಶ್ಮೀರದ ಬಿಲ್ಹಣ. ಸೋಮೇಶ್ವರನನ್ನು ತಳ್ಳಿ 1076ರಲ್ಲಿ ಪಟ್ಟಕ್ಕೆ ಬಂದ ತಮ್ಮ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿ ಪದವಿಯನ್ನು ಪಡೆದವನು. ‘ವಿಕ್ರಮಾಂಕದೇವಚರಿತ’ದಲ್ಲಿ ತಂದೆ ಕೊಡಬಂದ ಯುವರಾಜ ಪಟ್ಟವನ್ನು ವಿಕ್ರಮಾದಿತ್ಯನು ಅಣ್ಣನಿಗಾಗಿ ನಿರಾಕರಿಸುತ್ತಾನೆ, ಕೊನೆಗೆ ಅಣ್ಣನ ಮೇಲೆ ಕೈಮಾಡುವುದು ಕೂಡ ತನ್ನಿಚ್ಛೆಯಿಂದಲ್ಲ, ಶಿವನ ಆಜ್ಞೆಯಿಂದ. ರಾಜ್ಯಾಪಹಾರವನ್ನು ಇಷ್ಟು ಸೊಗಸಾಗಿ ತೊಳೆದಿಟ್ಟ ಇನ್ನೊಂದು ಕಾವ್ಯ ಕನ್ನಡ ನಾಡಿನ ಇತಿಹಾಸಕ್ಕೆ ಸಂಬಂಧಿಸಿದಂತೆ ದೊರೆಯುವುದು ಕಷ್ಟ. ಆದರೆ ಬಿಲ್ಹಣನು ಕೊನೆಯ ಸರ್ಗದಲ್ಲಿ ತನ್ನ ಊರು, ಮನೆತನ, ಅಲೆದಾಟ, ಪಡೆದ ಸನ್ಮಾನ ಎಲ್ಲವನ್ನೂ ಹೇಳಿಕೊಂಡಿದ್ದಾನೆ. ಓದುಗನಿಗೆ ಅವನು ಮೋಸಮಾಡಿಲ್ಲ. ನಾನು ಉಂಡ ಮನೆ ಇದು ಎಂದು ತೋರಿಸಿಯೇ ಹಾಡಿದ್ದಾನೆ. ಅವನ ಕಾಲದಿಂದ ಹೆಚ್ಚು ದೂರವಲ್ಲದ ಕಲ್ಹಣನು ‘ರಾಜತರಂಗಿಣಿ’ಯ ಆರಂಭದಲ್ಲಿ, ನಡೆದುದನ್ನು ಹೇಳುವವನು ರಾಗದ್ವೇಷಗಳನ್ನು ತೊರೆದು ನ್ಯಾಯಾಧಿಪತಿಯಂತಿರಬೇಕೆಂದು ವಿಧಿಸುತ್ತಾನೆ. ಕರ್ಣಾಟದ ಪರ್ಮಾಡಿಯಿಂದ ಬಿಲ್ಹಣನು ವಿದ್ಯಾಪತಿಯಾದ ಸಂಗತಿಯನ್ನು ದಾಖಲಿಸಿರುವವನೂ ಅವನೇ. ಕಲ್ಹಣನ ತಂದೆ ಚಂಪಕನು ಕಾಶ್ಮೀರದ ಹರ್ಷರಾಜನ ಮಂತ್ರಿಯಾಗಿದ್ದನು. ಆದರೂ ಹರ್ಷನ ದುರಾಡಳಿತವನ್ನು ಮಗನು ಬಚ್ಚಿಡಲಿಲ್ಲ. ಹಿತಾಸಕ್ತಿ ಇರುವುದು ಬೇರೆ, ಅದು ಬರಹವನ್ನು ಬಾಗಿಸುವುದು ಬೇರೆ ಎಂಬುದಕ್ಕೆ ತಂದೆಯ ಒಡೆಯನನ್ನು ಕುರಿತು ಬರೆದ ಈ ಮಗನಿಗಿಂತ ಉತ್ತಮ ನಿದರ್ಶನ ಬೇಕಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ರವಿಕೀರ್ತಿಯನ್ನು ನೆನೆಯಬೇಕು. ಕ್ರಿ.ಶ. 634-35ರ ಐಹೊಳೆಯ ಮೇಗುತಿ ಶಾಸನ ಇಮ್ಮಡಿ ಪುಲಿಕೇಶಿಯ ದಿಗ್ವಿಜಯಗಳ ಪ್ರಶಸ್ತಿ. ಅದರ ಕವಿಯೇ ಜಿನಾಲಯದ ನಿರ್ಮಾಪಕ. ಅರಸನ ಕೃಪೆಗೆ ಪಾತ್ರನಾದವನು. ಸಾಲದೆಂಬಂತೆ ಕೊನೆಯಲ್ಲಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡವನು. ಒಡೆಯನ ಹೊಗಳಿಕೆ, ಸ್ವಂತ ಕಾರ್ಯದ ದಾಖಲೆ, ಆತ್ಮಪ್ರಶಂಸೆ ಮೂರೂ ಒಂದೇ ಕಲ್ಲಿನ ಮೇಲೆ! ಇಂದಿನ ಯಾವ ವಿಶ್ವಕೋಶದ ನಿಯಮದಲ್ಲಿಯೂ ಇದು ಉತ್ತೀರ್ಣವಾಗಲಾರದು. ಹೀಗಿದ್ದೂ ಹರ್ಷವರ್ಧನನ ಮೇಲಿನ ಪುಲಿಕೇಶಿಯ ಜಯವನ್ನು ನಾವು ಒಪ್ಪುತ್ತೇವೆ. ಕಾರಣ, ಚೀನದ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಹರ್ಷನ ಆತಿಥ್ಯವನ್ನು ಉಂಡವನಾಗಿದ್ದರೂ, ಹರ್ಷನಿಗೆ ಈ ಅರಸನನ್ನು ಮಣಿಸಲಾಗಲಿಲ್ಲವೆಂದು ಬರೆದಿದ್ದಾನೆ. ತನ್ನ ಆತಿಥೇಯನ ಹಿತಕ್ಕೆ ವಿರುದ್ಧವಾಗಿ ನುಡಿಯುವ ಸಾಕ್ಷಿಗೆ ಸಹಜವಾಗಿಯೇ ತೂಕ ಹೆಚ್ಚು.

ಪಂಪನ ವಿಷಯ ಇನ್ನೂ ಸ್ವಾರಸ್ಯಕರವಾದುದು. 941ರ ‘ವಿಕ್ರಮಾರ್ಜುನವಿಜಯ’ದಲ್ಲಿ ವೇಮುಲವಾಡದ ಸಾಮಂತ ಅರಿಕೇಸರಿ ಅರ್ಜುನನಾಗುತ್ತಾನೆ, ಇದಕ್ಕಾಗಿ ತನಗೆ ಧರ್ಮವುರವೆಂಬ ಅಗ್ರಹಾರ ದೊರೆಯಿತೆಂದು ಕವಿ ಕಾವ್ಯದೊಳಗೇ ಹೇಳುತ್ತಾನೆ. ಸಂಭಾವನೆಯ ಇಷ್ಟು ನೇರವಾದ ಪ್ರಕಟಣೆ ಆಧುನಿಕ ಲೇಖಕರಲ್ಲಿಯೂ ವಿರಳ. ಈ ದತ್ತಿಗೆ ಕಾವ್ಯದ ಹೊರಗಿನ ಸಾಕ್ಷ್ಯವೆಂದರೆ ತೆಲಂಗಾಣದ ಕುರಿಕ್ಯಾಲದ ಶಾಸನ. ಆದರೆ ಅದನ್ನು ಬರೆಯಿಸಿದವನು ಪಂಪನ ತಮ್ಮ ಜಿನವಲ್ಲಭ! ವಿಶ್ವಕೋಶದ ಸಂಪಾದಕನೊಬ್ಬ ಇದನ್ನು ‘ಸ್ವತಂತ್ರ ಆಕರವಲ್ಲ’ ಎಂದು ಗುರುತುಹಾಕಿ ಪಕ್ಕಕ್ಕಿಟ್ಟಾನು. ನಾವು ಹಾಗೆ ಮಾಡುವುದಿಲ್ಲ. ತಾನು ಯಾರ ತಮ್ಮನೆಂಬುದನ್ನು ಜಿನವಲ್ಲಭನು ಮರೆಮಾಚದಿರುವುದರಿಂದ, ಅಣ್ಣನ ಕವಿತ್ವದ ಬಗೆಗಿನ ಅವನ ಮಾತನ್ನು ತಮ್ಮನ ಅಭಿಮಾನವೆಂದೂ ಊರಿನ ಹೆಸರನ್ನು ಸಂಗತಿಯೆಂದೂ ಬೇರ್ಪಡಿಸಿ ಸ್ವೀಕರಿಸುತ್ತೇವೆ.

ಹಂಪಿಯಲ್ಲಿಯೂ ಇದೇ ರೀತಿ. ಗಾಣಗಿತ್ತಿ ಬಸದಿ ಎಂದು ಜನ ಕರೆಯುವ ಕುಂಥು ಜಿನಾಲಯದ ಮುಂದಿನ ಕಂಬದ ಮೇಲೆ ಶಕ 1307ರ ಶಾಸನವಿದೆ. ಸಿಂಹನಂದಿಗಳ ಗುರುಪರಂಪರೆ, ಇಮ್ಮಡಿ ಹರಿಹರನ ಸ್ತುತಿ, ದಂಡನಾಯಕ ಚೈಚನ ಮಗ ಇರುಗಪ್ಪನ ಗುಣಗಾನ, ಅವನು ಕಟ್ಟಿಸಿದ ಶಿಲಾಮಯ ಬಸದಿ: ಎಲ್ಲವೂ ಕ್ರಮವಾಗಿ ಬರುತ್ತವೆ. ‘ನಾನಾರ್ಥರತ್ನಮಾಲಾ’ ಎಂಬ ಸಂಸ್ಕೃತ ಕೋಶವೂ ಈ ಇರುಗಪ್ಪನ ಹೆಸರಿನಲ್ಲಿ ನಿಂತಿದೆ ಎಂಬುದನ್ನು ಕೋಶಗಳ ಪ್ರಸ್ತಾಪ ಬಂದುದರಿಂದ ಇಲ್ಲಿ ಹೇಳುತ್ತಿದ್ದೇನೆ. ಗಾಣಗಿತ್ತಿ ಎಂಬ ಹೆಸರು ಮಾತ್ರ ಶಾಸನದಲ್ಲಿಲ್ಲ. ದಂಡನಾಯಕನ ಹೆಸರನ್ನು ಕಲ್ಲು ಉಳಿಸಿತು, ಎಣ್ಣೆಯವಳ ಹೆಸರನ್ನು ಜನರ ನಾಲಗೆ ಉಳಿಸಿತು. ಪಾನ್‌ಸುಪಾರಿ ಬೀದಿಯ ಪಾರ್ಶ್ವನಾಥ ಚೈತ್ಯಾಲಯದ 1426ರ ಶಾಸನದಲ್ಲಿ ಇಮ್ಮಡಿ ದೇವರಾಯನು ಇನ್ನೂ ನೇರ. ತನ್ನ ಕೀರ್ತಿ ಪುಣ್ಯಗಳು ಆಚಂದ್ರಾರ್ಕವಾಗಿ ಉಳಿಯಬೇಕೆಂದೇ ಇದನ್ನು ಕಟ್ಟಿಸಿದುದಾಗಿ ಅದು ಹೇಳುತ್ತದೆ.

ಹಾಗಾದರೆ ನಮ್ಮ ಹಿರಿಯರಿಗೆ ಮರೆಮಾಚಿದ ಹಿತಾಸಕ್ತಿಯ ಅನುಭವವಿರಲಿಲ್ಲವೆ? ಚೆನ್ನಾಗಿಯೇ ಇತ್ತು. ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು: ಕೂಟಶಾಸನ. ಇಲ್ಲದ ಅರಸನ, ಅಥವಾ ಇದ್ದ ಅರಸನು ಕೊಡದ ದತ್ತಿಯನ್ನು ತಾಮ್ರಪಟದ ಮೇಲೆ ಕೆತ್ತಿಸಿ ಭೂಮಿಗೆ ಹಕ್ಕು ಸಾಧಿಸುವ ಉಪಾಯವಿದು. ಮನುಸ್ಮೃತಿ ಕೂಟಶಾಸನ ಮಾಡಿದವರನ್ನು ಮರಣದಂಡನೆಗೆ ಅರ್ಹರ ಸಾಲಿನಲ್ಲಿ ನಿಲ್ಲಿಸುತ್ತದೆ. ಜೆ. ಎಫ್. ಫ್ಲೀಟ್ 1901ರಲ್ಲಿ ಇಂತಹ ಖೋಟಾ ದಾಖಲೆಗಳ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದನು. ಗಂಗರ ತಾಮ್ರಪಟಗಳನ್ನು ಕುರಿತು ಅವನಿಗೂ ಬಿ. ಎಲ್. ರೈಸ್‌ಗೂ ನಡೆದ ವಾದ ಕರ್ನಾಟಕದ ಶಾಸನಾಧ್ಯಯನದ ಒಂದು ಮುಖ್ಯ ಅಧ್ಯಾಯ. ಗಮನಿಸಬೇಕಾದ ಅಂಶವೆಂದರೆ, ಕೂಟಶಾಸನದಲ್ಲಿ ಹೊಗಳಿಕೆ ಹೆಚ್ಚಾಗಿರುವುದಿಲ್ಲ. ಅದು ನೋಡಲು ಸಾಧಾರಣ ದತ್ತಿಶಾಸನದಂತೆಯೇ ಇರುತ್ತದೆ. ಅದರ ದೋಷ ಅತಿಶಯೋಕ್ತಿಯಲ್ಲ. ಮಾತನಾಡುತ್ತಿರುವವನು ಯಾರೆಂಬುದನ್ನು ಬದಲಾಯಿಸಿರುವುದು. ಗಂಗರಾಜನ ಬಾಯಿಂದ ಯಾರೋ ಭೂಲೋಭಿ ಮಾತನಾಡುತ್ತಾನೆ. ಇದರಿಂದ ಆ ಒಂದು ಪಟವಷ್ಟೇ ಕೆಡುವುದಿಲ್ಲ. ಗಂಗರ ಆರಂಭಕಾಲದ ವಂಶಾವಳಿಯೇ ದಶಕಗಳ ಕಾಲ ಅನುಮಾನಕ್ಕೆ ಗುರಿಯಾಯಿತು.

ಈ ಹಿನ್ನೆಲೆಯಿಂದ ಆಧುನಿಕ ವಿಶ್ವಕೋಶಗಳಿಗೆ ಬರಬಹುದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಹೊರಬಂದಿತು. ಅದರ ಲೇಖನಗಳ ಕೊನೆಯಲ್ಲಿ ಬರೆದವರ ಹೆಸರಿನ ಮೊದಲಕ್ಷರಗಳಿರುತ್ತವೆ. ಹೊಣೆ ಯಾರದೆಂದು ತಿಳಿಯಬಯಸುವವರಿಗೆ ಅದು ದಾರಿ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಲೇಖನದ ಕೆಳಗೆ ಯಾರ ಅಂಕಿತವೂ ಇಲ್ಲ. ಅದಕ್ಕೆ ಬದಲಾಗಿ ಪ್ರತಿಯೊಂದು ಲೇಖನಕ್ಕೂ ಒಂದು ಇತಿಹಾಸ ಪುಟವಿದೆ, ಒಂದು ಚರ್ಚಾಪುಟವಿದೆ. ಯಾವ ದಿನ, ಯಾವ ಗಳಿಗೆಯಲ್ಲಿ, ಯಾವ ಖಾತೆಯಿಂದ ಯಾವ ಪದ ಬದಲಾಯಿತೆಂಬುದು ಅಲ್ಲಿ ಉಳಿಯುತ್ತದೆ. ಪಾಠಾಂತರಗಳನ್ನು ಹುಡುಕಿ ಓಲೆಗರಿಗಳ ಹಿಂದೆ ಅಲೆದ ಗ್ರಂಥಸಂಪಾದಕರ ಪಾಲಿಗೆ ಇದು ಕನಸಿನಂತಹ ಸೌಕರ್ಯ. ಆದರೆ ಅಲ್ಲಿರುವುದು ಖಾತೆಯ ಹೆಸರು. ಖಾತೆಯ ಹಿಂದಿನ ಹಿತವಲ್ಲ. ಈ ಕೊರತೆಯನ್ನು ತುಂಬಲು ವಿಕಿಮೀಡಿಯ ಪ್ರತಿಷ್ಠಾನವು 2014ರ ಜೂನ್‌ನಲ್ಲಿ ತನ್ನ ಬಳಕೆಯ ನಿಯಮಗಳನ್ನು ತಿದ್ದಿತು. ಹಣ ಪಡೆದು ಬರೆಯುವವರು ತಮ್ಮ ಉದ್ಯೋಗದಾತ, ಗ್ರಾಹಕ, ಸಂಬಂಧಗಳನ್ನು ಪ್ರಕಟಿಸಲೇಬೇಕೆಂಬುದು ಆ ತಿದ್ದುಪಡಿ. ನಂಟಿರುವವರು ಲೇಖನವನ್ನು ನೇರವಾಗಿ ಮುಟ್ಟದೆ ಚರ್ಚಾಪುಟದಲ್ಲಿ ಸೂಚನೆ ನೀಡಬೇಕೆಂಬುದು ಇಂಗ್ಲಿಷ್ ವಿಕಿಪೀಡಿಯದ ಮಾರ್ಗಸೂಚಿ. ಇದು ಧರ್ಮವುರದ ಪದ್ಯವನ್ನು ನಿಯಮವಾಗಿಸಿದಂತೆ.

ಕನ್ನಡಕ್ಕೆ ಹಣದ ಬರಹದ ಮೊದಲ ದೊಡ್ಡ ಅನುಭವ ಆದುದು ಈ ನಿಯಮಕ್ಕಿಂತ ಮುಂಚೆ. ಗೂಗಲ್ ಸಂಸ್ಥೆ ತನ್ನ ಅನುವಾದದ ಉಪಕರಣವನ್ನು ಬಳಸಿ, ಸಂಬಳದ ಅನುವಾದಕರ ಮೂಲಕ ಇಂಗ್ಲಿಷ್ ಲೇಖನಗಳನ್ನು ಅರಬ್ಬಿ, ಗುಜರಾತಿ, ಹಿಂದಿ, ಕನ್ನಡ, ಸ್ವಾಹಿಲಿ, ತಮಿಳು, ತೆಲುಗು ವಿಕಿಪೀಡಿಯಗಳಿಗೆ ತುಂಬಿಸಿತು; 2010ರ ಜುಲೈನಲ್ಲಿ ಅದೇ ಹೇಳಿಕೊಂಡ ಲೆಕ್ಕದಂತೆ ಒಟ್ಟು 1.6 ಕೋಟಿಗೂ ಮೀರಿದ ಪದಗಳು. ಸಂಸ್ಥೆ ಇದನ್ನು ಮುಚ್ಚಿಡಲಿಲ್ಲ, ಯಾರನ್ನೂ ಹೊಗಳಿಸಲೂ ಇಲ್ಲ. ಆದರೆ ಯಾವ ವಿಷಯ ಬರೆಯಬೇಕೆಂಬುದನ್ನು ನಿರ್ಧರಿಸಿದುದು ಕನ್ನಡದ ಓದುಗನ ಅಗತ್ಯವಲ್ಲ, ಶೋಧಯಂತ್ರದ ಹುಡುಕಾಟದ ಲೆಕ್ಕ. ಕರ್ತೃವೆಲ್ಲಿ ಕ್ರಿಯಾಪದವೆಲ್ಲಿ ಎಂದು ತಡಕಾಡಬೇಕಾದ ವಾಕ್ಯಗಳು ವರ್ಷಗಳ ಕಾಲ ಉಳಿದುವು. ಬಂಗಾಳಿ ಬಳಗ ಇಂತಹ ಲೇಖನಗಳನ್ನು ಒಪ್ಪಲಿಲ್ಲ; ತಮಿಳರು ಗುಣಮಟ್ಟಕ್ಕಾಗಿ ಹಟಹಿಡಿದರು. 2014ರಲ್ಲಿ ಮೈಸೂರು ವಿಶ್ವಕೋಶದ ಕೆಲವು ಸಂಪುಟಗಳು ಮುಕ್ತ ಪರವಾನಗಿಯಲ್ಲಿ ದೊರೆತಾಗ ಕನ್ನಡ ವಿಕಿಪೀಡಿಯಕ್ಕೆ ಬಂದ ಗದ್ಯವನ್ನು ಈ ಗದ್ಯದ ಪಕ್ಕದಲ್ಲಿರಿಸಿ ಓದುವುದು ಭಾಷಾವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ.

ಮರೆಮಾಚಿದ ಬರಹಕ್ಕೆ ಭಾರತದ ಪ್ರಸಿದ್ಧ ನಿದರ್ಶನ ಐಐಪಿಎಂ ಎಂಬ ವ್ಯವಹಾರಾಧ್ಯಯನ ಸಂಸ್ಥೆಯದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ನಿರ್ವಾಹಕ ಪದವಿಗೇರಿದ್ದ ‘ವೈಫೈಒನ್’ ಎಂಬ ಖಾತೆ, ಆ ಸಂಸ್ಥೆಗೆ ಅನುಕೂಲವಾಗುವಂತೆ ವರ್ಷಗಳ ಕಾಲ ಲೇಖನವನ್ನು ತಿದ್ದುತ್ತ, ಟೀಕೆಗಳನ್ನು ಬದಿಗೊತ್ತುತ್ತ ಬಂದಿತೆಂಬ ಆರೋಪವನ್ನು ವಿಕಿಪೀಡಿಯದ ಮಧ್ಯಸ್ಥ ಸಮಿತಿ ವಿಚಾರಿಸಿ, 2015ರ ಫೆಬ್ರುವರಿಯಲ್ಲಿ ಆ ಖಾತೆಯನ್ನು ಬಹಿಷ್ಕರಿಸಿತು. ಅಲ್ಲಿ ಬಂಗಾರದ ಅಕ್ಷರದ ಹೊಗಳಿಕೆ ಇರಲಿಲ್ಲ. ಇದ್ದುದು ಯಾವ ಆಕರ ಉಳಿಯಬೇಕು, ಯಾವುದು ಹೋಗಬೇಕೆಂಬ ಶಾಂತವಾದ, ನಿಯಮಗಳನ್ನೇ ಉದ್ಧರಿಸುವ ತೀರ್ಪುಗಾರಿಕೆ. ಕೂಟಶಾಸನದ ಲಕ್ಷಣವೂ ಇದೇ ಅಲ್ಲವೆ? ಲೇಖನವನ್ನು ಓದಿ ಕಾಲೇಜು ಆರಿಸಿಕೊಳ್ಳಹೊರಟ ಹಳ್ಳಿಯ ಹುಡುಗನ ಶುಲ್ಕದ ಹಣ ಇಲ್ಲಿ ಪಣಕ್ಕಿತ್ತು ಎಂಬುದನ್ನು ಮರೆಯಬಾರದು.

ಇಷ್ಟರಿಂದ, ಬರೆಯುವವರೆಲ್ಲರೂ ನಿಜನಾಮವನ್ನು ಹಾಕಲಿ ಎಂದು ಕೆಲವರು ವಾದಿಸುತ್ತಾರೆ. ನನಗದು ಸಮ್ಮತವಲ್ಲ. ಶಾಸನಗಳನ್ನೇ ನೋಡಿ: ಎಷ್ಟೋ ಪ್ರಶಸ್ತಿಗಳ ಕವಿಯ ಹೆಸರು ನಮಗೆ ತಿಳಿಯದು. ಆದರೆ ಯಾರಿಗಾಗಿ ಅದು ರಚಿತವಾಯಿತೆಂಬುದು ತಿಳಿಯದಿರುವ ಪ್ರಶಸ್ತಿ ಒಂದೂ ಇಲ್ಲ. ಹೆಸರು ಬೇರೆ, ಹಿತ ಬೇರೆ. 2024ರಲ್ಲಿ ಎಎನ್ಐ ಸುದ್ದಿಸಂಸ್ಥೆ ತನ್ನನ್ನು ಕುರಿತ ವಿಕಿಪೀಡಿಯ ಲೇಖನದ ವಿರುದ್ಧ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಮಾನಹಾನಿಯ ದಾವೆ ಹೂಡಿದಾಗ, ಸಂಪಾದಕರ ಗುರುತನ್ನು ಬಯಲುಮಾಡಬೇಕೆಂಬ ಬೇಡಿಕೆ ಎದ್ದಿತು. ಬಲಿಷ್ಠರ ವಿಷಯದಲ್ಲಿ ಅಪ್ರಿಯ ಸಂಗತಿಯನ್ನು ಬರೆಯುವವನಿಗೆ ಹೆಸರಿನ ಮರೆ ಒಂದು ಕವಚ; ಬಲಿಷ್ಠರಿಂದ ಕೂಲಿ ಪಡೆದು ಬರೆಯುವವನಿಗೆ ಅದೇ ಮರೆ ಒಂದು ಸಾಧನ. ಕವಚವನ್ನು ಕಿತ್ತುಕೊಳ್ಳದೆ ಕೂಲಿಯನ್ನು ಮಾತ್ರ ಪ್ರಕಟಿಸುವಂತೆ ಕೇಳುವುದು ಸಾಧ್ಯ. 2014ರ ನಿಯಮ ಕೇಳುವುದೂ ಅಷ್ಟನ್ನೇ.

ಈಗ ದೋಣಿಮಲೈಗೆ ಬರೋಣ. ಸೊಂಡೂರು ತಾಲ್ಲೂಕಿನ ಈ ಊರನ್ನು ‘ದೋಣಿಮಲೆ’ ಎಂದೂ ಬರೆಯುವುದುಂಟು. 1958ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರಿ ಉದ್ಯಮ ಎನ್‌ಎಂಡಿಸಿಯ ಕಬ್ಬಿಣದ ಅದಿರಿನ ಗಣಿ ಇಲ್ಲಿ 1977ರಲ್ಲಿ ಆರಂಭವಾಯಿತು. ಅದರ ಸುತ್ತ ಬೆಳೆದುದೇ ದೋಣಿಮಲೈ ಟೌನ್‌ಶಿಪ್. ಇಂತಹ ಊರನ್ನು ಕುರಿತು ವಿಶ್ವಕೋಶದ ಲೇಖನ ಬರೆಯಲು ಕುಳಿತವನ ಕಷ್ಟವನ್ನು ಊಹಿಸಿ. ಊರನ್ನು ಕಟ್ಟಿದವರು ಕಂಪನಿಯವರು, ಅಲ್ಲಿನ ವಿವರಗಳನ್ನು ಹೆಚ್ಚಾಗಿ ಅಚ್ಚುಹಾಕುವವರೂ ಕಂಪನಿಯವರು. ವಾರ್ಷಿಕ ವರದಿಯ ವಾಕ್ಯ ಪತ್ರಿಕಾ ಪ್ರಕಟಣೆಯಾಗಿ, ಪ್ರಕಟಣೆ ಪತ್ರಿಕೆಯ ಸುದ್ದಿಯಾಗಿ, ಸುದ್ದಿ ವಿಶ್ವಕೋಶದ ‘ಸ್ವತಂತ್ರ ಆಕರ’ವಾಗಿ ಪರಿವರ್ತನೆ ಹೊಂದಲು ಯಾರ ಕುತಂತ್ರವೂ ಬೇಕಾಗಿಲ್ಲ. 1872ರ ಕೆಲ್ಸಾಲನ ಬಳ್ಳಾರಿ ಮ್ಯಾನ್ಯುಯಲ್, 1904ರ ಫ್ರಾನ್ಸಿಸನ ಗೆಜೆಟಿಯರ್‌ಗಳು ಕೂಡ ಆಳುವವರು ತಮ್ಮ ಆಡಳಿತವನ್ನು ಕುರಿತು ತಾವೇ ಬರೆದುಕೊಂಡವು. ಆದರೆ ಮುಖಪುಟದಲ್ಲಿಯೇ ಬರೆದ ಅಧಿಕಾರಿಯ ಹೆಸರಿದೆ, ಹುದ್ದೆಯ ಗುರುತಿದೆ.

ಇದೇ ಗಣಿಯ ಎರಡು ಸಂಗತಿಗಳನ್ನು ನೋಡಬಹುದು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆಯ ವರದಿಯನ್ನು ಸಲ್ಲಿಸಿದರು. ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದಿನ ತಿಂಗಳು ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಅನುಮತಿ ನೀಡಿತು. ಈ ಅನುಮತಿಯನ್ನಷ್ಟೇ ಬಿಡಿಸಿ ಬರೆದರೆ ಅದು ಬಿರುದು. ಸಮಾಜ ಪರಿವರ್ತನ ಸಮುದಾಯದ ಅರ್ಜಿ, ಕಡಿದುಹೋದ ಕಾಡು, ಮುಚ್ಚಿದ ಗಣಿಗಳು, ಅದಿರಿಲ್ಲದೆ ನಿಲ್ಲಬಹುದಾಗಿದ್ದ ಉಕ್ಕಿನ ಕಾರ್ಖಾನೆಗಳೊಡನೆ ಬರೆದರೆ ಅದು ಇತಿಹಾಸ. ಎರಡರಲ್ಲಿಯೂ ಒಂದು ಅಂಕಿಯೂ ಸುಳ್ಳಲ್ಲ. ಹಾಗೆಯೇ ಗುತ್ತಿಗೆಯ ನವೀಕರಣಕ್ಕೆ ರಾಜ್ಯ ಸರ್ಕಾರ ಶೇ. 80ರ ಅಧಿಕ ಶುಲ್ಕವನ್ನು ಕೇಳಿದುದರಿಂದ 2018ರ ನವೆಂಬರಿನಲ್ಲಿ ದೋಣಿಮಲೈ ಗಣಿ ನಿಂತು, 2021ರಲ್ಲಿ ಮತ್ತೆ ಆರಂಭವಾಯಿತು. ಇದರಲ್ಲಿ ಕಂಪನಿಯ ನಷ್ಟದ ಕಥನ ಒಂದು, ರಾಜ್ಯದ ಬೊಕ್ಕಸದ ಕಥನ ಇನ್ನೊಂದು, ಕಂಪಿಲಿ, ಗುತ್ತಿಗಳಂತೆ. ವಿಶ್ವಕೋಶದ ಪುಟ ಇವೆರಡನ್ನೂ ಅವರವರ ಹೆಸರಿನಲ್ಲಿಯೇ ಹೇಳಬೇಕಾಗುತ್ತದೆ.

ಈ ಎರಡರಲ್ಲಿಯೂ ಇಲ್ಲದ ಮೂರನೆಯದೊಂದಿದೆ. ಸೊಂಡೂರಿನ 1973ರ ಭೂಹೋರಾಟ, ಕುಮಾರಸ್ವಾಮಿ ಬೆಟ್ಟದ ಜಾತ್ರೆ, ಗಣಿಗೆ ದುಡಿಯಲು ಬಂದ ಕುಟುಂಬಗಳ ಮಾತು, ಕೆಂಪು ಧೂಳಿನ ಹೊಲಗಳು: ಇವು ಪತ್ರಿಕಾ ಪ್ರಕಟಣೆಗಳಲ್ಲಿ ಬರುವಂತಹವಲ್ಲ. ಗಾಣಗಿತ್ತಿಯ ಹೆಸರಿನಂತೆ ನಾಲಗೆಯ ಮೇಲಿರುವ ಇವನ್ನು ಆಕರವಾಗಿಸುವ ಕೆಲಸ ಸ್ಥಳೀಯ ಕಾಲೇಜುಗಳ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಸಂಶೋಧಕರದು. ಗಣಿಯ ನೌಕರನೂ ಇದರಲ್ಲಿ ಹೊರಗಿನವನಾಗಬೇಕಿಲ್ಲ. ಟೌನ್‌ಶಿಪ್ಪಿನ ಶಾಲೆ, ಆಸ್ಪತ್ರೆ, ಅದಿರು ಸಾಗಿಸುವ ವ್ಯವಸ್ಥೆಗಳನ್ನು ಅವನಷ್ಟು ಬಲ್ಲವರು ಯಾರು? ಚರ್ಚಾಪುಟದ ಮೇಲ್ಭಾಗದಲ್ಲಿ ‘ನಾನು ಈ ಸಂಸ್ಥೆಯ ನೌಕರ’ ಎಂದು ಒಂದು ಸಾಲು ಬರೆದು, ಅದರ ಕೆಳಗೆ ತಾನು ತಿಳಿದುದನ್ನು ಆಕರಸಹಿತ ಇಟ್ಟರೆ, ಅದನ್ನು ನಾವು ಜಿನವಲ್ಲಭನ ಶಾಸನವನ್ನು ಓದುವಂತೆಯೇ ಓದಬಹುದು.